ಡ್ರೋನಿಗಾಗಿ ಎಳೆದ ಸುಣ್ಣದ ಗೆರೆ

ಡ್ರೋನು ತಪ್ಪು ಚಿತ್ರ ತೆಗೆಯಿತು ಎಂದು ನಮ್ಮ ಊರಲ್ಲಿ ಇವತ್ತಿಗೂ ಹೇಳುತ್ತಾರೆ. ಸುಳ್ಳು. ಡ್ರೋನು ಕಂಡದ್ದನ್ನೇ ತೆಗೆಯಿತು. ನನ್ನ ನೆಗೆಣ್ಣಿ ತನ್ನ ಮನೆಯನ್ನು ತನ್ನ ಕೈಯಾರೆ ಸುಣ್ಣದ ಗೆರೆಯೊಳಗೆ ಸೇರಿಸಿ ನಮಗೆ ಕೊಟ್ಟುಬಿಟ್ಟಳು. ನಾವೆಲ್ಲ ಬಾಯಿ ಮುಚ್ಚಿಕೊಂಡು ನೋಡುತ್ತ ನಿಂತಿದ್ದೆವು. ಆದದ್ದು ಇಷ್ಟೇ.

ನೆಗೆಣ್ಣಿ ಅಂದರೆ ನನ್ನ ಮೈದುನನ ಹೆಂಡತಿ. ಈ ಮನೆಗೆ ಸೊಸೆಯಾಗಿ ಮೊದಲು ಬಂದವಳು ನಾನು, ಆಮೇಲೆ ಅವಳು. ಅತ್ತೆ ನನ್ನನ್ನು ದೊಡ್ಡಾಕಿ ಎಂದು ಕರೆಯುತ್ತಿದ್ದಳು, ಅವಳನ್ನು ಸಣ್ಣಾಕಿ. ಈಗ ಇಬ್ಬರ ಹಲ್ಲೂ ಬಿದ್ದಿವೆ. ಆದರೂ ಅವಳು ಸಣ್ಣಾಕಿಯೇ.

ನಮ್ಮ ಊರು ಕೆಲಗೇರಿ ಕೆರೆ ದಾಟಿ ಇನ್ನೂ ಮುಂದೆ. ಮೊದಲು ಧಾರವಾಡ ದೂರ ಇತ್ತು. ಈಗ ಅದು ಬೆಳೆಯುತ್ತ ಬೆಳೆಯುತ್ತ ನಮ್ಮ ಹೊಲದ ಬದುವಿನ ತನಕ ಬಂದಿದೆ. ಹಾಳುಬಿದ್ದ ಹಿತ್ತಲನ್ನೂ ಕೊಡುತ್ತೀರೇನು ಎಂದು ಕಾರಿನಲ್ಲಿ ಬಂದು ಕೇಳುತ್ತಾರೆ. ಹಾಗಾಗಿ ಯಾರ ಗೋಡೆ ಎಲ್ಲಿಗೆ ಮುಗಿಯುತ್ತದೆ ಎಂಬುದು ಈಗ ದೊಡ್ಡ ಮಾತು.

ನಮ್ಮ ಜಾಗ ಒಂದೇ. ಎಡಕ್ಕೆ ನಮ್ಮ ಹಳೆಯ ಮಣ್ಣಿನ ಮಾಳಿಗೆಯ ಮನೆ. ಬಲಕ್ಕೆ ಮೈದುನ ಕಟ್ಟಿಸಿದ ಸ್ಲ್ಯಾಬಿನ ಮನೆ. ನಡುವೆ ಅಂಗಳ, ಅಂಗಳದ ನಟ್ಟನಡುವೆ ಹಗೇವು. ಹಿಂದೆ ಅದರೊಳಗೆ ಜೋಳ ತುಂಬಿ, ಮೇಲೆ ಕಲ್ಲು ಮುಚ್ಚಿ, ಮಣ್ಣು ಮೆತ್ತುತ್ತಿದ್ದರು. ಈಗ ಬರೀ ಗುಂಡಿ, ಮೇಲೆ ಕಲ್ಲು. ಅಣ್ಣತಮ್ಮಂದಿರು ಬೇರೆಯಾದಾಗ ಮಾತಿನಲ್ಲೇ ಬೇರೆಯಾದರು. ಗೋಡೆ ಕಟ್ಟಲಿಲ್ಲ, ಕಾಗದ ಮಾಡಲಿಲ್ಲ. ಪಂಚಾಯ್ತಿಯಲ್ಲಿ ಇಡೀ ಜಾಗ ಮೊದಲು ಮಾವನ ಹೆಸರಿಗಿತ್ತು, ಆಮೇಲೆ ನನ್ನ ಗಂಡನ ಹೆಸರಿಗೆ ಬಂತು, ಅವನು ಹೋದ ಮೇಲೆ ನನ್ನ ಮಗನ ಹೆಸರಿಗೆ. ಸ್ಲ್ಯಾಬಿನ ಮನೆಯ ಒಂದೊಂದು ಇಟ್ಟಿಗೆಯೂ ಮೈದುನನ ಮಿಲಿಟರಿ ದುಡ್ಡಿನದು. ಕಾಗದದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಮೈದುನ ಇದ್ದದ್ದು ಗಡಿಯ ಮೇಲೆ, ಹಿಮ ಬೀಳುವ ಕಡೆ. ಡ್ರೋನಿನ ಸುದ್ದಿ ನಮ್ಮ ಮನೆಗೆ ಮೊದಲು ತಂದವನು ಅವನೇ. ಆಗ ಅದಕ್ಕೆ ಡ್ರೋನು ಎನ್ನುತ್ತಾರೆ ಎಂದು ನಮಗೆ ಗೊತ್ತಿರಲಿಲ್ಲ. ಸೂಟಿಯ ಮೇಲೆ ಊರಿಗೆ ಬಂದವನು ಪಡಸಾಲೆಯಲ್ಲಿ ಕೂತು ಊಟ ಮಾಡುತ್ತಿದ್ದ. ನಾನು ಬಡಿಸುತ್ತಿದ್ದೆ, ಸಣ್ಣಾಕಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು.

"ವೈನಿ, ಒಂದ ವಿಮಾನ ಐತ್ರಿ, ಅದರಾಗ ಮನಷ್ಯಾನ ಇರೂದಿಲ್ಲ" ಎಂದ. "ಕೆಳಗ ಡೇರೇದಾಗ ಕುಂತ ಗುಂಡಿ ಒತ್ತತಾರ, ಅದು ಮ್ಯಾಲ ಗುಂಯ್ ಅಂತ ಹೋಗತೈತಿ. ಎದರಿನವರು ಏನ ಮಾಡಾಕತ್ತಾರ ಅಂತ ಫೋಟೋ ಹೊಡಕೊಂಡ ಬರತೈತಿ."

ಒಳಗಿನಿಂದ ರೊಟ್ಟಿಯ ಸಪ್ಪಳ ನಿಂತಿತು. "ಮನಷ್ಯಾ ಇಲ್ಲಂದ್ರ ಅದಕ್ಕ ದಾರಿ ಹೆಂಗ ತಿಳೀತೈತಿ?" ಎಂದಳು ಸಣ್ಣಾಕಿ.

"ನಾ ಇಲ್ಲದ ನೀ ಮನಿ ನಡಸಾಕತ್ತಿಲ್ಲೇನು? ಹಂಗ."

"ನಾ ಯಾರ ಫೋಟೋನೂ ಹೊಡ್ಯಾಂಗಿಲ್ಲಪಾ."

"ನೀ ಹೊಡಿಯೂದ ಬ್ಯಾಡ. ನೀ ನೋಡಿದ್ದು ಸಂಜೀಕ ಓಣಿಗೆಲ್ಲಾ ಗೊತ್ತಾಗತೈತಿ."

ಅವಳು ಒಳಗಿನಿಂದ ಹಿಟ್ಟಿನ ಕೈಯಲ್ಲೇ ಬಂದು ಅವನ ತಲೆಗೊಂದು ತಟ್ಟಿ ಹೋದಳು. ಅವನು ಕೂದಲಲ್ಲಿ ಹಿಟ್ಟು ಇಟ್ಟುಕೊಂಡೇ ಮುಂದುವರಿಸಿದ. ಎದುರಿನವರದೂ ಹಾಗೆ ಬರುತ್ತಿತ್ತಂತೆ. ಅದಕ್ಕೆ ಮೋಸ ಮಾಡಲು ಇವರು ಕಟ್ಟಿಗೆಯಲ್ಲಿ ಫಿರಂಗಿಯಂಥ ತೋಪು ಮಾಡಿ, ಮೇಲೆ ಬಲೆ ಹೊದಿಸಿ ಇಡುತ್ತಿದ್ದರಂತೆ. ಅದು ನಿಜವಾದ ತೋಪೆಂದು ನಂಬಿ ಹೋಗುತ್ತಿತ್ತಂತೆ.

"ಮ್ಯಾಲಿಂದ ನೋಡೂದಕ್ಕ, ಕೆಳಗ ಏನ ಇಟ್ಟೇವಿ ಅದಷ್ಟ ಗೊತ್ರಿ ವೈನಿ. ಯಾರ ಇಟ್ರು, ಯಾಕ ಇಟ್ರು, ಅದರ ಖಬರ ಅದಕ್ಕಿರೂದಿಲ್ಲ."

ನಾನು ನಂಬಲಿಲ್ಲ. ಮಿಲಿಟರಿಯವರ ಮಾತಿನಲ್ಲಿ ಅರ್ಧ ರಮ್ ಇರುತ್ತದೆ ಎಂದು ನನ್ನ ಗಂಡ ಹೇಳುತ್ತಿದ್ದ.

ಆಮೇಲೆ ಮೈದುನ ನಿವೃತ್ತನಾಗಿ ಬಂದ, ಮನೆ ಕಟ್ಟಿಸಿದ, ಒಬ್ಬಳೇ ಮಗಳನ್ನು ಹುಬ್ಬಳ್ಳಿಯ ಬೆಂಗೇರಿಗೆ ಕೊಟ್ಟ. ಮದುವೆಯೂ ಹುಬ್ಬಳ್ಳಿಯಲ್ಲೇ ಆಯಿತು. ಡ್ರೋನನ್ನು ನಾನು ಕಣ್ಣಾರೆ ಕಂಡದ್ದು ಅಲ್ಲೇ. ಬೆಂಗೇರಿಯ ಮುಸಲ್ಮಾನ ಫೋಟೋದವನೊಬ್ಬ ತಂದಿದ್ದ. ಅವನ ತಂದೆ ರೇಡಿಯೋ ರಿಪೇರಿ ಮಾಡುತ್ತಿದ್ದನಂತೆ, ಇವನು ಇದಕ್ಕೆ ಬಂದಿದ್ದ. ನಾಲ್ಕು ರೆಕ್ಕೆಯ ಸಣ್ಣ ಫ್ಯಾನು. ಸರಿಯಾಗಿ ಅಕ್ಕಿಕಾಳು ಹಾಕುವ ಹೊತ್ತಿಗೆ ಅದನ್ನು ಕೆಳಗಿಳಿಸಿದ. ಅದರ ಗಾಳಿಗೆ ಅಕ್ಕಿಕಾಳು ಮದುಮಕ್ಕಳ ತಲೆಯ ಮೇಲೆ ಬೀಳದೆ ಬೀಗರ ಮುಖಕ್ಕೆ ಹೋಯಿತು. ಒಬ್ಬ ಹಿರಿಯರ ರುಮಾಲು ಸಡಿಲಾಯಿತು. ಬೀಗರು ಸಿಟ್ಟಾಗಲಿಲ್ಲ, ಅದರ ಕಡೆಗೆ ಮುಖ ಎತ್ತಿ ನಕ್ಕರು.

ಮೈದುನ ಮಗಳ ಕಡೆ ನೋಡುವುದನ್ನು ಬಿಟ್ಟು ಅದನ್ನೇ ನೋಡುತ್ತ ನಿಂತಿದ್ದ.

"ಎಷ್ಟ ಎತ್ತರ ಹೋಗತೈತೋ ಇದು?" ಎಂದು ಫೋಟೋದವನನ್ನು ಕೇಳಿದ.

"ನೀವು ಹೇಳಿದಷ್ಟ ಎತ್ತರ ಹೋಗತೈತಿ ಕಾಕಾ. ಆದರ ಪೊಲೀಸರು ಹೇಳಿದಷ್ಟ ಹಾರಸ್ತೇನಿ."

ಮೈದುನ ನನ್ನ ಕಡೆ ತಿರುಗಿದ. "ನೋಡ್ರಿ ವೈನಿ. ಇದರ ಸಪ್ಪಳ ಕೇಳಿದ್ರ ನಾವು ತಗ್ಗಿನ್ಯಾಗ ಬೀಳತಿದ್ವಿ. ಇಲ್ಲಿ ಎಲ್ಲಾರೂ ಸೆರಗ ಸರಿ ಮಾಡ್ಕೊಳ್ಳಾಕತ್ತಾರ."

ನಾನೂ ಸರಿ ಮಾಡಿಕೊಂಡಿದ್ದೆ. ಆ ವಿಡಿಯೋದಲ್ಲಿ ನನ್ನ ನೆತ್ತಿ ಚೆನ್ನಾಗಿ ಬಂದಿದೆ, ಮುಖ ಬಂದಿಲ್ಲ.

ರೋಗ ಬಂದು ಎಲ್ಲರನ್ನೂ ಮನೆಯಲ್ಲಿ ಕೂರಿಸಿದ ವರ್ಷ ಪೊಲೀಸರ ಡ್ರೋನು ಕೆರೆಯ ಮೇಲೆ ಬಂತು. ಆಲದ ಮರದ ಕೆಳಗೆ ಇಸ್ಪೀಟು ಆಡುತ್ತಿದ್ದ ಗಂಡಸರು ಎದ್ದು ಬಿದ್ದು ಬಯಲಿಗೆ ಓಡಿದರು, ಎಲ್ಲರೂ ಸಿಕ್ಕರು. ಮೈದುನ ಒಬ್ಬನೇ ಮರದ ಬುಡಕ್ಕೆ ಒತ್ತಿ ಕೂತಿದ್ದ, ಅವನು ಸಿಗಲಿಲ್ಲ. ಮನೆಗೆ ಬಂದು ಅದನ್ನು ಹೇಳಿಕೊಂಡು ವಾರಗಟ್ಟಲೆ ನಕ್ಕ. ಮುಂದಿನ ವರ್ಷ ಎದೆನೋವು ಬಂದು ಸತ್ತ.

ಆಮೇಲೆ ಡ್ರೋನು ಹೊಲಕ್ಕೂ ಬಂತು. ನನ್ನ ಮಗ ಗೋವಿನಜೋಳಕ್ಕೆ ಎಣ್ಣೆ ಹೊಡೆಸಲು ಬಾಡಿಗೆಗೆ ತರಿಸಿದ. ಎಣ್ಣೆ ಅಂದರೆ ಹುಳುವಿನ ಔಷಧ. ಅದು ಮದುವೆಯದಕ್ಕಿಂತ ದೊಡ್ಡದು, ಹೊಟ್ಟೆಗೆ ಕ್ಯಾನು ಕಟ್ಟಿತ್ತು. ಮೊದಲು ಆಳುಗಳು ಬೆನ್ನಿಗೆ ಪಂಪು ಹೊತ್ತು ದಿನವಿಡೀ ಮಾಡುತ್ತಿದ್ದದ್ದನ್ನು ನಾವು ಬದುವಿನ ಮೇಲೆ ಕೂತು ರೊಟ್ಟಿ ತಿನ್ನುವುದರೊಳಗೆ ಮುಗಿಸಿತು. ಸಣ್ಣಾಕಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಮಂದಿ ಹುಡುಕೂದ ಬಿಟ್ಟು ಹುಳಾ ಹುಡುಕಾಕ ಬಂತ ನೋಡ ಅಕ್ಕಾ" ಎಂದಳು. ಗಂಡನನ್ನು ನೆನೆದು ಅವತ್ತು ಅವಳು ಆಡಿದ ಮಾತು ಅಷ್ಟೇ.

ಕಡೆಗೆ ಅದು ಮನೆ ಅಳೆಯಲು ಬಂತು. ಊರಿನ ಮನೆಗಳನ್ನೆಲ್ಲ ಮೇಲಿನಿಂದ ಚಿತ್ರ ತೆಗೆದು, ಯಾರದು ಎಲ್ಲಿಂದ ಎಲ್ಲಿಗೆ ಎಂದು ಬರೆದು, ಮನೆಗೊಂದು ಹಕ್ಕಿನ ಕಾರ್ಡು ಕೊಡುತ್ತಾರೆ ಎಂದು ಪಂಚಾಯ್ತಿಯವರು ಡಂಗುರ ಹೊಡೆಸಿದರು. ಹಾರಿಸುವ ಮುಂಚೆ ಪ್ರತಿಯೊಬ್ಬರೂ ತಮ್ಮ ಮನೆಯ ಸುತ್ತ ಸುಣ್ಣದ ಗೆರೆ ಹಾಕಬೇಕು. ಗೆರೆಯೊಳಗೆ ಇದ್ದದ್ದು ನಿಮ್ಮದು. ಸುಣ್ಣವನ್ನು ಅವರೇ ತಂದು ಹಂಚಿದರು.

ನಮ್ಮ ಮನೆಯಲ್ಲಿ ಸುಣ್ಣದ ಗೆರೆ ಹೊಸದಲ್ಲ. ಪ್ರತಿ ದೀಪಾವಳಿಗೆ, ಸಗಣಿಯಲ್ಲಿ ಮಾಡಿದ ಪಾಂಡವರನ್ನು ಬಾಗಿಲಲ್ಲಿ ಇಡುವ ಮುಂಚೆ, ಮನೆಯ ಸುತ್ತ ಸುಣ್ಣದ ಗೆರೆ ಎಳೆಯುವುದು ಅತ್ತೆಯ ಕಾಲದ ಪದ್ಧತಿ. ಗೆರೆ ಎಲ್ಲೂ ಕಡಿಯಬಾರದು. ಶುರುವಾದ ಜಾಗಕ್ಕೇ ಬಂದು ಕೂಡಬೇಕು. ಕೂಡುವ ತನಕ ಎಳೆಯುವವಳು ಮಾತಾಡಬಾರದು, ಅವಳನ್ನು ಯಾರೂ ಕರೆಯಬಾರದು, ತಡೆಯಬಾರದು. ಒಮ್ಮೆ ನಾನು ನಡುವೆ ಕೆಮ್ಮಿದ್ದಕ್ಕೆ ಅತ್ತೆ ಗೆರೆಯನ್ನೆಲ್ಲ ಗುಡಿಸಿ ಮೊದಲಿನಿಂದ ಹಾಕಿಸಿದ್ದಳು. ಅಂದಿನಿಂದ ಆ ಕೆಲಸ ಸಣ್ಣಾಕಿಯದು. ಅವಳ ಕೈ ಗಟ್ಟಿ. ಹೆಬ್ಬೆರಳು ಮತ್ತು ಎರಡು ಬೆರಳ ನಡುವಿನಿಂದ ಸುಣ್ಣ ಬಿಟ್ಟರೆ ದಾರ ಹಿಡಿದು ಎಳೆದಂತೆ ಬೀಳುತ್ತದೆ.

ಅಳತೆಯ ದಿನವೂ ಸುಣ್ಣದ ಬುಟ್ಟಿ ಹಿಡಿದವಳು ಅವಳೇ. ಸೆರಗು ಸಿಕ್ಕಿಸಿ, ಬಗ್ಗಿ, ನಮ್ಮ ಬಾಗಿಲ ಮುಂದಿನಿಂದ ಶುರು ಮಾಡಿದಳು. ನಮ್ಮ ಗೋಡೆಯ ಪಕ್ಕ, ಹಿತ್ತಿಲು, ಅಲ್ಲಿಂದ ಅಂಗಳದ ಹಿಂದಿನ ಬೇಲಿ. ಅಂಗಳದ ಬಳಿ ಒಳಗೆ ತಿರುಗುತ್ತಾಳೆ ಎಂದುಕೊಂಡೆ. ತಿರುಗಲಿಲ್ಲ. ನೇರ ಹೋದಳು, ತನ್ನ ಮನೆಯ ಹಿಂದೆ, ತನ್ನ ಮನೆಯ ಬಲಕ್ಕೆ, ಹೊರಳಿ ಮುಂದಕ್ಕೆ. ದೀಪಾವಳಿಗೆ ಹೇಗೆ ಹಾಕುತ್ತಿದ್ದಳೋ ಹಾಗೇ, ಎರಡೂ ಮನೆಗೆ ಒಂದೇ ಸುತ್ತು. ನಾನು ನೋಡಿದೆ, ನನ್ನ ಮಗ ನೋಡಿದ, ಸೊಸೆ ನೋಡಿದಳು. ಎಳೆಯುವವಳನ್ನು ಕರೆಯಬಾರದಲ್ಲ. ಪಂಚಾಯ್ತಿಯವನು ಏನೋ ಕೇಳಲು ಹೋದ. ನಾನೇ ತುಟಿಯ ಮೇಲೆ ಬೆರಳಿಟ್ಟು ಅವನನ್ನು ಸುಮ್ಮನಾಗಿಸಿದೆ.

ಗೆರೆ ಕೂಡಿತು. ಅವಳು ಸೊಂಟ ಹಿಡಿದು ಎದ್ದಳು.

"ಏ ಸಣ್ಣಾಕಿ, ಅಂಗಳದ ನಡಕ ಗೆರಿ ಹಾಕಲಿಲ್ಲಲ್ಲ" ಎಂದೆ.

ಅವಳು ಅಂಗಳ ನೋಡಿದಳು. ಮುಖ ಸುಣ್ಣಕ್ಕಿಂತ ಬಿಳಿಯಾಯಿತು. ಅಷ್ಟರಲ್ಲಿ ಬೀದಿಯ ತುದಿಯಿಂದ "ಎಲ್ಲಾರೂ ಸರೀರಿ, ಹಾರಸಾಕತ್ತೇವಿ" ಎಂದು ಕೂಗಿದರು. ಮೇಲೆ ಗುಂಯ್ ಎಂದಿತು.

"ಆತ ಬಿಡ ಅಕ್ಕಾ" ಎಂದಳು. "ಕೂಡಿದ ಗೆರೀಗೆ ಮತ್ತ ಕೈ ಹಚ್ಚಬಾರದು."

ಬೇಕೆಂದೇ ಹಾಕಿದಳು ಎಂದು ಕೆಲವರು ಹೇಳುತ್ತಾರೆ, ನಮ್ಮ ಮೇಲೆ ಅಷ್ಟು ಪ್ರೀತಿ ಎಂದು. ಪ್ರೀತಿ ಎಂಥದು. ಕೈಗೆ ರೂಢಿ.

ಕೆಲವು ದಿನಗಳ ಮೇಲೆ ಅಳತೆಯ ಸಾಹೇಬ ಮನೆಮನೆಗೆ ಬಂದ. ಕೈಯಲ್ಲಿ ಹಲಗೆಯಂಥ ಫೋನು. ಅದರಲ್ಲಿ ನಮ್ಮ ಓಣಿ ಮೇಲಿನಿಂದ ಕಾಣುತ್ತಿತ್ತು. ನಮ್ಮ ಮಾಳಿಗೆಯ ಮಣ್ಣು, ಅವಳ ಸ್ಲ್ಯಾಬು, ಸ್ಲ್ಯಾಬಿನ ಮೇಲೆ ಒಣಗಿಸಿದ ಮೆಣಸಿನಕಾಯಿ, ನಡುವೆ ಹಗೇವಿನ ಕಲ್ಲು. ಎಲ್ಲದರ ಸುತ್ತ ಬಿಳಿಯ ಒಂದೇ ಬಳೆ.

"ಇದೊಂದ ಮನಿತನದ್ದಲ್ರಿ?" ಎಂದ ಸಾಹೇಬ.

"ಹೌದ್ರಿ, ಒಂದ" ಎಂದ ನನ್ನ ಮಗ.

"ಒಂದಲ್ರಿ, ಎರಡ" ಎಂದೆ ನಾನು.

ಸಾಹೇಬ ನಕ್ಕ. "ಗೆರಿ ಒಂದ ಐತಲ್ರಿ ಅಜ್ಜಿ."

ಸಣ್ಣಾಕಿ ತನ್ನ ಬಾಗಿಲಲ್ಲಿ ನಿಂತಿದ್ದಳು. ಸಾಹೇಬ ತನ್ನ ಕಡೆ ನೋಡಿದ್ದೇ ಒಳಗೆ ಸರಿದಳು.

ಸಾಹೇಬ ಕೆಟ್ಟವನಲ್ಲ. ಬಿಡಿಸಿ ಹೇಳಿದ. ಹೀಗೇ ಹೋದರೆ ಎರಡೂ ಮನೆ ಸೇರಿ ಒಂದೇ ಕಾರ್ಡು, ಅದು ಪಂಚಾಯ್ತಿಯಲ್ಲಿ ಹೆಸರಿರುವ ನಿಮ್ಮ ಮಗನಿಗೆ. ಆಮೇಲೆ ತಕರಾರು ಮಾಡಬಹುದು, ಕಚೇರಿಗೆ ಅಲೆಯಬೇಕು. ಆದರೆ ನಿಮ್ಮ ಓಣಿಯ ತುದಿಯಲ್ಲಿ ಅವತ್ತು ಮದುವೆಯ ಪೆಂಡಾಲು ಇತ್ತು, ಕೆಳಗಿನ ಮನೆಗಳು ಕಂಡಿಲ್ಲ. ನಾಳೆ ಮುಂಜಾನೆ ಈ ಓಣಿಯನ್ನಷ್ಟು ಇನ್ನೊಮ್ಮೆ ಹಾರಿಸುತ್ತೇವೆ. ಅಷ್ಟರೊಳಗೆ ನಡುವೆ ಗೆರೆ ಬಿದ್ದಿದ್ದರೆ, ಇಬ್ಬರೂ ನಿಂತು ಇದು ನನ್ನದು ಅದು ಅವಳದು ಎಂದರೆ, ಎರಡು ಕಾರ್ಡು.

ಸಾಹೇಬ ಹೋದ ಮೇಲೆ ಮಗ ಹೇಳಿದ: "ಬಿಡವ್ವಾ. ಕಾಕು ಎಲ್ಲಿ ಹೋಗಾಕಿ? ನಾ ಏನ ಆಕೀನ್ನ ಹೊರಗ ಹಾಕತೇನಿ? ಆಕೀನ ಒಂದ ಮನಿ ಅಂತ ತೋರಿಸ್ಯಾಳ."

"ನೀ ಛಲೋ ಮನಷ್ಯಾ ಅದಿ" ಎಂದೆ. "ನಿನ್ನ ಮಗಾನೂ ಛಲೋ ಆಗತಾನಂತ ಬರದ ಕೊಡ್ತೀ ಏನು? ಆಕೀ ಮಗಳ ನಾಳೆ ಬೆಂಗೇರಿಯಿಂದ ಬಂದು ಅಪ್ಪನ ಮನಿ ಎಲ್ಲೈತಿ ಅಂದ್ರ ಏನ ತೋರಸ್ತೀ? ಮೆಣಸಿನಕಾಯಿ?"

ಅವನು ಎದ್ದು ಹೊಲಕ್ಕೆ ಹೋದ. ಅವನ ತಂದೆಯೂ ಹೀಗೇ.

ಸಣ್ಣಾಕಿಯ ಕಡೆ ಹೋದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಇರದ ಕಲ್ಲನ್ನೆಲ್ಲ ಹುಡುಕುತ್ತಿದ್ದಳು.

"ನಾಳೆ ನಡಕ ಗೆರಿ ಹಾಕ" ಎಂದೆ.

"ನಾ ಹಾಕೂದಿಲ್ಲ. ಇಷ್ಟ ವರ್ಷ ಇಲ್ಲದ ಗೆರಿ ಈಗ ಯಾಕ? ಓಣ್ಯಾಗ ಏನಂತಾರ, ಮುದಕ್ಯಾರಿಬ್ಬರೂ ಸಾಯೂ ಕಾಲಕ್ಕ ಮನಿ ಒಡದ್ರು ಅಂತಾರ."

"ಅನ್ಲಿ. ಓಣಿಯವರು ನಿನಗ ಮನಿ ಕಟ್ಟಿ ಕೊಡತಾರೇನು?"

"ಅತ್ತಿ ಇದ್ದಿದ್ರ..."

"ಅತ್ತಿ ಇಲ್ಲ. ನಿನ್ನ ಗಂಡ ಹೇಳಿದ್ದು ಮರತೇನು? ಕಟಗೀ ತೋಪ ಇಟ್ರ ಖರೇ ತೋಪಂತ ನಂಬತೈತಿ ಅದು. ನೀ ಒಂದ ಮನಿ ಅಂತ ಇಟ್ಟಿ, ಅದು ನಂಬಿ ಹೋತು. ಆಂವ ಹಿಮದಾಗ ನಿಂತ ಗಳಿಸಿದ್ದನ್ನ ನೀ ಒಂದ ಬುಟ್ಟಿ ಸುಣ್ಣಾದಾಗ ಮುಗಸಿದಿ."

ಅವಳು ಮೊರ ಕೆಳಗಿಟ್ಟಳು. ಕಣ್ಣು ಒರೆಸಿಕೊಳ್ಳುತ್ತಾಳೆ ಎಂದುಕೊಂಡೆ. ಇಲ್ಲ, ಸಿಟ್ಟಿಗೆದ್ದಿದ್ದಳು. "ನಾ ಹಾಕೂದಿಲ್ಲ ಅಂದ್ರ ಹಾಕೂದಿಲ್ಲ. ನೀ ಹಾಕಿದ್ರ ಅಡ್ಡ ನಿಂದರತೇನಿ. ಅಲ್ಲದ ನಿನಗ ಬರೂದೂ ಇಲ್ಲ. ನಿನ್ನ ರಂಗೋಲಿ ಕೋಳಿ ಕೆದರಿದಂಗ ಇರತೈತಿ."

ನಾನು ಎದ್ದು ಬಂದೆ. ಉಳಿದ ಸುಣ್ಣ ನಮ್ಮ ಅಟ್ಟದ ಕೆಳಗೆ ಚೀಲದಲ್ಲಿತ್ತು. ಅದನ್ನು ಜರಡಿ ಹಿಡಿದು ಇಟ್ಟೆ.

ಮರುದಿನ ಮುಂಜಾನೆ ಅವಳು ಬಚ್ಚಲಿಗೆ ಹೋಗುವುದನ್ನು ಕಾದು, ಬುಟ್ಟಿ ತೆಗೆದುಕೊಂಡು ಅಂಗಳಕ್ಕೆ ಇಳಿದೆ. ಮುಂದಿನ ಗೆರೆಯ ಮೇಲೆ ಒಂದು ಚಿಟಿಕೆ ಸುಣ್ಣ ಬಿಟ್ಟು ಶುರು ಮಾಡಿದೆ. ನನಗೆ ಬಗ್ಗಲು ಆಗುವುದಿಲ್ಲ. ಕೂತುಕೊಂಡೇ ಒಂದೊಂದು ಮೊಳ ಸರಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಅವಳು ಒದ್ದೆ ತಲೆಯಲ್ಲಿ ಹೊರಗೆ ಬಂದಳು.

"ಅಕ್ಕಾ!" ಎಂದಳು. ಅಂದವಳು ತಾನೇ ಬಾಯಿ ಮುಚ್ಚಿಕೊಂಡಳು. ಎಳೆಯುವವಳನ್ನು ಕರೆಯಬಾರದು, ತಡೆಯಬಾರದು. ಅಡ್ಡ ನಿಲ್ಲುತ್ತೇನೆ ಎಂದವಳು ತನ್ನ ಮೆಟ್ಟಿಲ ಮೇಲೆಯೇ ನಿಂತಳು. ನಾನು ಅದನ್ನು ನಂಬಿಯೇ ಶುರು ಮಾಡಿದ್ದೆ.

ಹಗೇವಿನ ಹತ್ತಿರ ಬಂದಾಗ ಗೆರೆಯನ್ನು ನಮ್ಮ ಕಡೆಗೆ ತಿರುಗಿಸಿದೆ. ಹಗೇವು ಪೂರ್ತಿ ಅವಳ ಪಾಲಿಗೆ ಹೋಯಿತು. ಅದರೊಳಗೆ ಇಲಿಯ ಹೊರತು ಏನೂ ಇಲ್ಲ, ಆದರೆ ಅರ್ಧ ಕಲ್ಲು ನನ್ನದು ಅರ್ಧ ನಿನ್ನದು ಎಂದು ಮುಂದೆ ಮೊಮ್ಮಕ್ಕಳು ಬಡಿದಾಡುವುದು ಬೇಡ. ಅಲ್ಲಿಂದ ಹಿಂದಿನ ಬೇಲಿಯ ತನಕ ಎಳೆದು, ಹಳೆಯ ಗೆರೆಗೆ ಕೂಡಿಸಿದೆ. ಬೀದಿಯ ತುದಿಯಲ್ಲಿ ಸಾಹೇಬನ ಜೀಪು ನಿಂತಿತು. ಮಗ ಬಾಗಿಲಲ್ಲಿ ನಿಂತಿದ್ದ. ಬಂದು ನನ್ನ ರಟ್ಟೆ ಹಿಡಿದು ಎಬ್ಬಿಸಿದ.

"ಸೊಟ್ಟ ಆತು" ಎಂದಳು ಸಣ್ಣಾಕಿ.

"ಮ್ಯಾಲಿಂದ ನೋಡೂದಕ್ಕ ಸಾಕು" ಎಂದೆ. "ಸಾಹೇಬ ಬರತಾನ. ಯಾರ ಮನಿ ಅಂತ ಕೇಳಿದ್ರ ಬಾಯಿ ತಗೀ."

ಸಾಹೇಬ ಬಂದು ಕೇಳಿದ. ಅವಳು ಒದ್ದೆ ತಲೆಯ ಮೇಲೆ ಸೆರಗು ಎಳೆದುಕೊಂಡು, ಸ್ಲ್ಯಾಬಿನ ಮನೆಯ ಕಡೆ ಕೈ ತೋರಿಸಿ, "ಇದು ನಂದ್ರಿ" ಎಂದಳು. ದನಿ ಸಣ್ಣಗಿತ್ತು. ಸಾಹೇಬ ಇನ್ನೊಮ್ಮೆ ಕೇಳಿದ, ಅವಳು ಇನ್ನೊಮ್ಮೆ ಹೇಳಿದಳು, ಈ ಸಲ ಓಣಿಗೆಲ್ಲ ಕೇಳುವಂತೆ. ಆಮೇಲೆ ಮೇಲೆ ಗುಂಯ್ ಎಂದಿತು. ನಾನು ಗೆರೆ ತುಳಿಯದಂತೆ ಕಾಲೆತ್ತಿ ದಾಟಿ, ಅವಳ ನಲ್ಲಿಯಲ್ಲಿ ಕೈಯ ಸುಣ್ಣ ತೊಳೆದುಕೊಂಡೆ. ನಮ್ಮ ನಲ್ಲಿಗೆ ಅವತ್ತು ನೀರು ಬಂದಿರಲಿಲ್ಲ.